ಬಾಣಂತಿಯರ ಸಾಲಿನಲ್ಲಿ

ಕೊಡಿಗೇಹಳ್ಳಿಯಲ್ಲಿ ಮುನೇಶ್ವರನ ಗುಡಿಯ ಹಿಂದಿರುವ ಅಂಗನವಾಡಿಗೆ ಜಾಗ ಕೊಟ್ಟಿದ್ದು ಮುನಿವೆಂಕಟಯ್ಯ. ಏರ್‌ಪೋರ್ಟ್ ರಸ್ತೆ ಅಗಲವಾಗುವುದಕ್ಕೆ ಮುಂಚೆ, ಊರು ಇನ್ನೂ ಊರಾಗಿಯೇ ಇದ್ದ ಕಾಲದಲ್ಲಿ, ತಮ್ಮ ಹಿತ್ತಲಿನ ಒಂದು ಮೂಲೆಯನ್ನು ಮಕ್ಕಳು ಕೂತು ಕಲಿಯಲಿ ಅಂತ ಬಿಟ್ಟುಕೊಟ್ಟಿದ್ದರು. ಅವರು ತೀರಿಹೋಗಿ ವರ್ಷಗಳಾಗಿದ್ದರೂ ಹೆಂಡತಿ ಮಾರಮ್ಮನ ಬಾಯಲ್ಲಿ ಆ ಮಾತು ಇನ್ನೂ ಹಸಿಯಾಗಿಯೇ ಇತ್ತು. ಆಮೇಲೆ ಸರ್ಕಾರದವರು ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನದ ಬಿಸಿಯೂಟವನ್ನು ಅಂಗನವಾಡಿಯಲ್ಲೇ ಹಾಕಲು ಶುರು ಮಾಡಿದಾಗ ಮಾರಮ್ಮ ಹೇಳಿದ್ದು ಒಂದೇ ಮಾತು. ಜಾಗ ಕೊಟ್ಟೋರು ಅಲ್ಲೋಗಿ ತಟ್ಟೆ ಇಡ್ಕೊಂಡು ಕುಂತ್ಕಳಲ್ಲ.

ಆ ವರ್ಷ ಅವರ ಸೊಸೆ ಜ್ಯೋತಿಲಕ್ಷ್ಮಿ ಬಸುರಿಯಾಗಿದ್ದಳು. ದೊಡ್ಡಬಳ್ಳಾಪುರದ ಕಡೆಯ ಹುಡುಗಿ. ಹೈಸ್ಕೂಲಿನಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡಿದ್ದಳು. ತವರಲ್ಲಿ ಅಣ್ಣ ಅತ್ತಿಗೆ ಇದ್ದರು, ಆದರೆ ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗುತ್ತೇವೆ ಅನ್ನುವ ಮಾತನ್ನು ಅವರು ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಗಂಡ ಸುನೀಲ್ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಬೆಳಗಾಗುವ ಮುಂಚೆ ಹೊರಟರೆ ಸುತ್ತಮುತ್ತಲ ಅಪಾರ್ಟ್‌ಮೆಂಟ್‌ಗಳಿಗೆಲ್ಲ ನೀರು ತುಂಬಿಸಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬಂದವನು ಉಂಡು ಗೋಡೆಗೆ ಒರಗಿದಲ್ಲೇ ನಿದ್ದೆ ಹೋಗುತ್ತಿದ್ದ. ಕೆಟ್ಟವನಲ್ಲ. ಅವನಿಗೆ ಮನಸ್ಸಿನಲ್ಲಿದ್ದದ್ದನ್ನು ಆಡಲು ಬರುತ್ತಿರಲಿಲ್ಲ, ಅಷ್ಟೇ.

ಜ್ಯೋತಿಗೆ ಐದು ತಿಂಗಳು ತುಂಬಿದಾಗ ಯಲಹಂಕದಲ್ಲಿದ್ದ ನಾದಿನಿ ಶಿಲ್ಪಾಗೆ ಎರಡನೇ ಹೆರಿಗೆಯಾಯಿತು. ದೊಡ್ಡ ಮಗುವಿಗೆ ಸ್ಕೂಲಿದ್ದದ್ದರಿಂದ ಅವಳು ತಾಯಿಮನೆಗೆ ಬರುವಂತಿರಲಿಲ್ಲ. ಮಾರಮ್ಮನೇ ಗಂಟು ಕಟ್ಟಿಕೊಂಡು ಮಗಳ ಬಾಣಂತನಕ್ಕೆ ಹೊರಟರು. ಮನೆಯಲ್ಲಿ ಜ್ಯೋತಿ ಒಬ್ಬಳೇ ಉಳಿದಳು.

ಆ ಮನೆಯ ಎರಡೂ ಪಕ್ಕಕ್ಕೆ ನಾಲ್ಕಂತಸ್ತಿನ ಕಟ್ಟಡ ಎದ್ದು ಹಂಚಿನ ಮೇಲೆ ಬಿಸಿಲು ಬೀಳುವುದೇ ಕಡಿಮೆಯಾಗಿತ್ತು. ಮೇಲಿನ ಬಾಲ್ಕನಿಗಳಲ್ಲಿ ಬಟ್ಟೆಗಳು ಒಣಗುತ್ತಿದ್ದವು, ಬಟ್ಟೆಯ ಹಿಂದೆ ಮುಖಗಳು ಕಾಣುತ್ತಿರಲಿಲ್ಲ. ಮಧ್ಯಾಹ್ನ ಒಬ್ಬಳಿಗೋಸ್ಕರ ಒಲೆ ಹಚ್ಚಲು ಮನಸ್ಸು ಬಾರದೆ ಬೆಳಗಿನ ಮುದ್ದೆಯನ್ನೇ ಮಜ್ಜಿಗೆಯಲ್ಲಿ ಕಿವುಚಿಕೊಂಡು ಕುಡಿಯುತ್ತಿದ್ದಳು. ಕೆಲವು ದಿನ ಅದನ್ನೂ ಕುಡಿಯುತ್ತಿರಲಿಲ್ಲ. ಟೀವಿ ಹಾಕಿಟ್ಟು ಅಡುಗೆಮನೆಯಲ್ಲಿ ಕೂರುತ್ತಿದ್ದಳು, ಮನೆಯೊಳಗೆ ಯಾರೋ ಮಾತಾಡುತ್ತಿದ್ದಾರೆ ಅನ್ನಿಸಲಿ ಅಂತ.

ಅಂಗನವಾಡಿಯ ಟೀಚರ್ ಮುನಿನಾರಾಯಣಮ್ಮ ಒಂದು ದಿನ ಬಾಗಿಲಿಗೆ ಬಂದರು. ಅದೇ ಊರಿನವರು. ಮಾರಮ್ಮನ ಮಾತನ್ನು ಎಷ್ಟೋ ಸಲ ಕೇಳಿದವರು. ಒಳಗೆ ಬಂದು ನೀರು ಕುಡಿದು, ಜ್ಯೋತಿಯ ರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲ ಅಂದರು. ನಿಮ್ಮತ್ತೆ ಬರೋವರೆಗಾದ್ರೂ ಬಂದು ಊಟ ಮಾಡು, ಯಾರಿಗೂ ನಾನು ಹೇಳಲ್ಲ ಅಂದರು. ಜ್ಯೋತಿ ಹೂಂ ಅಂದಳೇ ಹೊರತು ಆ ವಾರವೆಲ್ಲ ಹೋಗಲಿಲ್ಲ. ಮುಂದಿನ ವಾರ ಒಂದು ಮಧ್ಯಾಹ್ನ ಸಾಂಬಾರಿನ ಒಗ್ಗರಣೆ ವಾಸನೆ ಹಿತ್ತಲು ದಾಟಿ ಬಂತು. ಆಗ ಅವಳು ಸೆರಗು ಹೊದ್ದು ಎದ್ದಳು.

ಒಂದೇ ಕೋಣೆಯ ಅಂಗನವಾಡಿ. ಗೋಡೆ ಮೇಲೆ ಅರಸ, ಆನೆ, ಇಲಿ ಬರೆದಿದ್ದರು. ಮಕ್ಕಳ ಪಂಕ್ತಿ ಮುಗಿದ ಮೇಲೆ ಅದೇ ಚಾಪೆಯ ಮೇಲೆ ಬಸುರಿಯರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದರು. ಅನ್ನ, ಸೊಪ್ಪಿನ ಸಾಂಬಾರು, ಮೊಟ್ಟೆ, ಕೊನೆಯಲ್ಲಿ ಹಾಲು, ಕಡಲೆಬೀಜದ ಚಿಕ್ಕಿ. ಅಂಗನವಾಡಿಯಲ್ಲಿ ಕೂತೇ ಉಣ್ಣಬೇಕು, ಮನೆಗೆ ಒಯ್ಯುವಂತಿಲ್ಲ. ಒಯ್ದರೆ ಮನೆಯವರೆಲ್ಲ ಹಂಚಿಕೊಂಡು ಬಸುರಿಗೆ ಎಂಜಲು ಉಳಿಯುತ್ತದೆ ಅಂತ ಟೀಚರ್ ನಗುತ್ತ ಹೇಳಿದರು. ಜ್ಯೋತಿ ತಲೆ ಎತ್ತದೆ ಉಂಡಳು. ಅನ್ನ ಖಾಲಿಯಾದದ್ದು ಅವಳಿಗೇ ಗೊತ್ತಾಗಲಿಲ್ಲ. ಪಕ್ಕದಲ್ಲಿ ಕೂತವಳು ತನ್ನ ಮೊಟ್ಟೆಯೊಳಗಿನ ಹಳದಿಯನ್ನು ಬಿಡಿಸಿ ಇವಳ ತಟ್ಟೆಯ ಅಂಚಿಗಿಟ್ಟು, ನನಗೆ ಇದು ಗಂಟಲಲ್ಲಿ ಇಳಿಯಲ್ಲ, ನೀವು ತಿನ್ನಿ ಅಂದಳು.

ಅವಳ ಹೆಸರು ಮಲ್ಕಾ. ಹಿಂದಿನ ಬೀದಿಯ ವಠಾರದಲ್ಲಿ ಬಾಡಿಗೆಗಿದ್ದಳು. ಗಂಡ ಮಂಜೂರ್ ಆರ್.ಟಿ. ನಗರದ ಒಂದು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಓಡಿಬಂದು ಮದುವೆಯಾದವರಂತೆ, ಎರಡೂ ಮನೆಯವರು ಮಾತಾಡುತ್ತಿರಲಿಲ್ಲವಂತೆ. ಇದೆಲ್ಲ ಮೊದಲ ದಿನವೇ ಹೇಳಿಬಿಟ್ಟಳು. ಜ್ಯೋತಿಗಿಂತ ಒಂದು ತಿಂಗಳು ಮುಂದೆ ಇದ್ದಳು. ಮಾರನೇ ದಿನದಿಂದ ಇಬ್ಬರೂ ಒಟ್ಟಿಗೇ ಕೂತರು. ಹಳದಿ ಇವಳಿಗೆ, ಚಿಕ್ಕಿ ಅವಳಿಗೆ. ಕೈ ತೊಳೆದ ಮೇಲೂ ಅಂಗನವಾಡಿಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿಕೊಂಡು ಕೂರುತ್ತಿದ್ದರು. ಕಾಲು ಊದುವುದು, ಎದೆ ಉರಿಯುವುದು, ಮಗು ಒದೆಯುವುದು, ಇಂಥವೇ ಮಾತು. ಮಗು ಒದ್ದಾಗ ಜ್ಯೋತಿ ಅದನ್ನು ಮೊದಲು ಹೇಳಿದ್ದು ಮಲ್ಕಾಳಿಗೆ. ಸುನೀಲ್‌ಗೆ ಹೇಳೋಣ ಅಂದುಕೊಂಡಾಗ ಅವನು ಮಲಗಿಬಿಟ್ಟಿದ್ದ.

ಏಳನೇ ತಿಂಗಳು ಮುಗಿಯುತ್ತ ಬಂದಾಗ ಮಾರಮ್ಮ ವಾಪಸಾದರು. ಯಾರು ಹೇಳಿದರೋ, ಬಂದ ದಿನವೇ ಅವರಿಗೆ ಗೊತ್ತಾಯಿತು. ಕೂಗಾಡಲಿಲ್ಲ. ಸಂಜೆ ಸೊಪ್ಪು ಬಿಡಿಸುತ್ತ ಕೂತವರು, ತಲೆ ಎತ್ತದೆ, ನಾನು ಬದುಕಿರೋಗಂಟ ಈ ಮನೇಲಿ ಅನ್ನಕ್ಕೇನೂ ಬರ ಇಲ್ಲ ಕಣವ್ವ ಅಂದರು. ಅಷ್ಟೇ. ಮಾರನೇ ದಿನದಿಂದ ಜ್ಯೋತಿ ಹೋಗಲಿಲ್ಲ. ಮಾರಮ್ಮ ಅನ್ನಕ್ಕೆ ಬರ ಮಾಡಲೂ ಇಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದರು, ತುಪ್ಪವನ್ನೂ ಹಾಕುತ್ತಿದ್ದರು. ಆದರೆ ಬಡಿಸಿದ ಕೂಡಲೇ ಅವರು ಹೂವು ಕಟ್ಟಲು ಗುಡಿ ಕಡೆ ಹೋಗಿಬಿಡುತ್ತಿದ್ದರು. ತಟ್ಟೆಯ ಮುಂದೆ ಜ್ಯೋತಿ ಒಬ್ಬಳೇ. ಮಲ್ಕಾ ಎರಡು ಸಲ ಗೇಟಿನ ಹತ್ತಿರ ಬಂದು ನಿಂತು ಒಳಗೆ ನೋಡಿದಳು. ಎರಡನೇ ಸಲ ಮಾರಮ್ಮ ಯಾರು ಬೇಕು ಅಂತ ಕೇಳಿದರು. ಆಮೇಲೆ ಅವಳೂ ಬರಲಿಲ್ಲ.

ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಾಯಿತು. ಹೆಣ್ಣು ಮಗು. ನರ್ಸು ಒಮ್ಮೆ ಎತ್ತಿ ತೋರಿಸಿದಳು. ಜ್ಯೋತಿಗೆ ಕಂಡದ್ದು ಮುಚ್ಚಿದ ಕಣ್ಣು, ಕೆಂಪು ಹಣೆ, ಅಷ್ಟೇ. ಉಸಿರಾಟ ಸರಿಯಿಲ್ಲ ಅಂತ ಮಗುವನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸುನೀಲ್ ಮತ್ತು ಮಾರಮ್ಮ ಜೊತೆಯಲ್ಲಿ ಹೋದರು. ಡಾಕ್ಟರುಗಳು ಕೈಲಾದದ್ದನ್ನೆಲ್ಲ ಮಾಡಿದರು ಅಂತ ಆಮೇಲೆ ಸುನೀಲ್ ಹೇಳಿದ. ಅವಳು ವಾರ್ಡಿನಲ್ಲಿ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡ ಹೆಂಗಸರ ನಡುವೆ ಒಬ್ಬಳೇ ಮಲಗಿ, ಬಾಗಿಲಿನ ಕಡೆ ನೋಡುತ್ತ ಇದ್ದಳು. ಎರಡನೇ ದಿನ ಮಧ್ಯಾಹ್ನ ಸುನೀಲ್ ಬಂದ. ಅವನ ಪ್ಯಾಂಟಿನ ಮಂಡಿಗೆ ಮಣ್ಣು ಮೆತ್ತಿತ್ತು. ಅದನ್ನು ನೋಡಿದಾಗಲೇ ಅವಳಿಗೆ ತಿಳಿಯಿತು. ಅವನು ಮಂಚದ ಅಂಚಿನಲ್ಲಿ ಕೂತು, ಆಯ್ತು, ಎಲ್ಲಾ ಮುಗೀತು ಅಂದ.

ಮನೆಗೆ ಬಂದಾಗ ಬಟ್ಟೆಯ ತೊಟ್ಟಿಲು ಇರಲಿಲ್ಲ. ಹೊಲಿದಿಟ್ಟಿದ್ದ ಕುಲಾವಿಗಳೂ ಇರಲಿಲ್ಲ. ಯಾರು ಎಲ್ಲಿಟ್ಟರು ಅಂತ ಅವಳು ಕೇಳಲಿಲ್ಲ. ಎದೆ ಕಲ್ಲಾಗಿ, ರವಿಕೆ ಒದ್ದೆಯಾಗುತ್ತಿತ್ತು. ಹಾಲು ಇಂಗಲಿ ಅಂತ ಮಾರಮ್ಮ ಮಲ್ಲಿಗೆ ಮೊಗ್ಗಿನ ದಂಡೆ ಕಟ್ಟಿ ಅವಳ ಎದೆಗೆ ಸುತ್ತಿ ಬಿಗಿದರು. ಕೋಣೆಯ ತುಂಬ ಮದುವೆಮನೆಯ ವಾಸನೆ. ನೆಂಟರು ಬರಲಿಲ್ಲ. ಪುರುಡಿಗೆ ಬರುವುದೋ ಸಾವಿಗೆ ಬರುವುದೋ ಅವರಿಗೇ ತಿಳಿದಿರಲಿಲ್ಲ. ಶಿಲ್ಪಾ ಫೋನಿನಲ್ಲಿ, ಇನ್ನೂ ಚಿಕ್ಕ ವಯಸ್ಸು, ಮುಂದೆ ಆಗುತ್ತೆ ಬಿಡಿ ಅತ್ತಿಗೆ ಅಂದಳು. ಅಣ್ಣನೂ ಅದನ್ನೇ ಅಂದ. ಸುನೀಲ್ ಟ್ಯಾಂಕರಿನ ಲೋಡು ಹೆಚ್ಚು ಮಾಡಿಕೊಂಡ. ಮಗುವಿನ ಮಾತನ್ನು ಯಾರೂ ಆಡಲಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಜ್ಯೋತಿಗೆ ತಾನು ಹೆತ್ತದ್ದು ನಿಜವೋ ಕನಸೋ ಅನ್ನಿಸತೊಡಗಿತು. ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸಡಿಲವಾದ ಆ ಚರ್ಮವೊಂದೇ ಸಾಕ್ಷಿ.

ಆಸ್ಪತ್ರೆಯಿಂದ ಬಂದ ಆ ಮೊದಲ ವಾರದಲ್ಲೇ ಮುನಿನಾರಾಯಣಮ್ಮ ಬಂದರು. ಕೈಯಲ್ಲಿ ಸ್ಟೀಲಿನ ಕ್ಯಾರಿಯರ್. ಹಸಿ ಬಾಣಂತಿಯರಿಗೆ ಮನೆ ಬಾಗಿಲಿಗೇ ಊಟ ಮುಟ್ಟಿಸುವುದು ಅಲ್ಲಿನ ರೂಢಿ. ಬಾಗಿಲಲ್ಲಿ ಮಾರಮ್ಮ ಅಡ್ಡ ನಿಂತಿದ್ದರು. ಜ್ಯೋತಿ ಒಳಗಿನ ಚಾಪೆಯ ಮೇಲಿಂದಲೇ ಕೇಳಿಸಿಕೊಂಡಳು.

"ಕೂಸೇ ಇಲ್ದ ಮ್ಯಾಕೆ ಇದ್ಯಾಕವ್ವ?" ಅಂದರು ಮಾರಮ್ಮ.

"ಹೆತ್ತಿದ್ದಾಳಲ್ಲಮ್ಮ. ಹೆತ್ತವಳು ಬಾಣಂತಿನೇ," ಅಂದರು ಟೀಚರ್.

ಈಗ ವಾಪಸ್ ಕಳಿಸುತ್ತಾರೆ ಅಂತ ಜ್ಯೋತಿ ಕಾದಳು. ಮಾರಮ್ಮ ಕ್ಯಾರಿಯರ್ ತೆಗೆದುಕೊಂಡು ಒಳಗೆ ಬಂದರು. ಅನ್ನವನ್ನೂ ಸಾಂಬಾರನ್ನೂ ಮನೆಯ ಪಾತ್ರೆಗೆ ಬಗ್ಗಿಸಿದರು. ಕ್ಯಾರಿಯರ್ ತೊಳೆದು ಒರೆಸಿ ಹಿತ್ತಲಿಗೆ ಹೋಗಿ ಒಂದು ಹಿಡಿ ನುಗ್ಗೆಸೊಪ್ಪು ಕಿತ್ತು ತಂದು ಅದರೊಳಗಿಟ್ಟರು. ಖಾಲಿ ಪಾತ್ರೆ ವಾಪಸ್ ಕೊಡಬಾರದಲ್ಲ. ಟೀಚರ್ ಹೋದ ಮೇಲೆ ತಟ್ಟೆಗೆ ಬಡಿಸಿ ಸೊಸೆಯ ಮುಂದಿಟ್ಟರು. ಅವತ್ತು ಗುಡಿ ಕಡೆ ಹೋಗಲಿಲ್ಲ. ಸ್ವಲ್ಪ ದೂರದಲ್ಲಿ ಗೋಡೆಗೆ ಒರಗಿ, ಅವಳು ಉಣ್ಣುವವರೆಗೂ ಕೂತಿದ್ದರು. ಸಂಜೆ ಹಂಡೆಗೆ ಉರಿ ಹಾಕಿ, ಬಾಣಂತಿಗೆ ಎರೆಯುವಂತೆಯೇ ಬಿಸಿನೀರು ಎರೆದು, ಕಿವಿಗೆ ಬಟ್ಟೆ ಕಟ್ಟಿದರು.

ಕ್ಯಾರಿಯರ್ ಬರುವ ದಿನಗಳು ಮುಗಿದವು. ಇನ್ನು ಅಂಗನವಾಡಿಗೇ ಹೋಗಿ ಉಣ್ಣಬೇಕಿತ್ತು. ಜ್ಯೋತಿ ಎದ್ದೇಳಲಿಲ್ಲ. ಮೂರು ನಾಲ್ಕು ದಿನ ನೋಡಿ ಮಾರಮ್ಮನೇ ಅವಳ ಕೈಗೆ ತಟ್ಟೆ ಕೊಟ್ಟು, ಏಳವ್ವ, ಓಗಿ ಉಂಡ್ಕೊಂಡು ಬಾ, ನಾಕು ಜನದ ಮಕ ನೋಡ್ದಂಗಾಯ್ತದೆ ಅಂದರು. ಗುಡಿಯ ತಿರುವಿನವರೆಗೂ ಜೊತೆಯಲ್ಲಿ ಬಂದು, ಅಲ್ಲೇ ನಿಂತುಬಿಟ್ಟರು.

ಕೋಣೆಯಲ್ಲಿ ಈಗ ಸಾಲು ಬೇರೆಯಾಗಿತ್ತು. ಬಸುರಿಯರು ಕಿಟಕಿ ಕಡೆಯ ಗೋಡೆಗೆ, ಬಾಣಂತಿಯರು ಒಲೆಯ ಕಡೆಯ ಗೋಡೆಗೆ. ಎಲ್ಲಿ ಕೂರುವುದು ತಿಳಿಯದೆ ಜ್ಯೋತಿ ಬಾಗಿಲಲ್ಲೇ ನಿಂತಳು. ಮಲ್ಕಾ ಒಲೆಯ ಕಡೆ ಇದ್ದಳು. ಮಡಿಲಲ್ಲಿ ಗಂಡುಮಗು. ಇವಳನ್ನು ನೋಡಿದ್ದೇ ದುಪಟ್ಟಾ ಎಳೆದು ಮಗುವನ್ನು ಮುಚ್ಚಿದಳು, ಆಮೇಲೆ ಸರಿದು ಜಾಗ ಬಿಟ್ಟಳು. ಆಚೆ ಪಕ್ಕದಲ್ಲಿದ್ದ ಒಬ್ಬಳು ತನ್ನ ಕೂಸನ್ನು ಎಡಗಡೆಯಿಂದ ಬಲಗಡೆಗೆ ಹೊರಳಿಸಿಕೊಂಡಳು, ಜ್ಯೋತಿಯ ಕಣ್ಣಿಗೆ ಬೀಳದಂತೆ. ಜ್ಯೋತಿಗೆ ಅದು ಕಂಡಿತು. ಅವಳು ಅನ್ನ ಕಲಸಿದಳು. ಮಲ್ಕಾ ಎಂದಿನಂತೆ ಹಳದಿಯನ್ನು ಬಿಡಿಸಿ ಇವಳ ತಟ್ಟೆಗಿಟ್ಟಳು. ದುಪಟ್ಟಾದ ಕೆಳಗೆ ಮಗು ಚೀಪುವ ಸದ್ದು ಕೇಳುತ್ತಿತ್ತು.

ಹಾಗೇ ಕೆಲವು ದಿನ ನಡೆಯಿತು. ಆಮೇಲೆ ಒಂದು ದಿನ ಸೂಪರ್‌ವೈಸರ್ ಬಂದಳು. ತೇಜಸ್ವಿನಿ ಅಂತ, ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿ. ಬಿಸಿಲಲ್ಲಿ ಸ್ಕೂಟಿ ಓಡಿಸಿಕೊಂಡು ಬಂದು ಮುಖ ಕೆಂಪಾಗಿತ್ತು. ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಎಲ್ಲರನ್ನೂ ಮಾತಾಡಿಸಿದಳು. ಮಗುವಿಗೆ ಚುಚ್ಚುಮದ್ದು ಹಾಕಿಸಿದ್ರಾ, ತೂಕ ನೋಡಿಸಿದ್ರಾ, ಎದೆಹಾಲು ಸಾಲುತ್ತಾ. ಹಾಗೇ ಜ್ಯೋತಿಯ ಮುಂದೆ ಬಂದು, ಮಗುನ ಮನೇಲಿ ಬಿಟ್ಟು ಬಂದಿದೀರಾ ಅಂತ ಕೇಳಿದಳು.

ಒಲೆಯ ಹತ್ತಿರವಿದ್ದ ಮುನಿನಾರಾಯಣಮ್ಮನ ಕೈಯ ಸೌಟು ನಿಂತಿತು. ಯಾರೂ ಬಾಯಿ ಬಿಡುವ ಮೊದಲೇ ಮಲ್ಕಾ ತನ್ನ ಮಗುವನ್ನು ಎತ್ತಿ ಜ್ಯೋತಿಯ ಮಡಿಲಲ್ಲಿ ಮಲಗಿಸಿಬಿಟ್ಟಳು. ಇದೇ ಮಗು ಅನ್ನುವ ಹಾಗೆ. ಬೆಚ್ಚಗಿನ ಭಾರ. ತಲೆ ಜ್ಯೋತಿಯ ಮೊಣಕೈಯ ಮಡಿಕೆಗೆ ತಾನಾಗಿಯೇ ಬಂದು ಕೂತಿತು. ಹೌದು ಅಂದರೆ ಸಾಕಿತ್ತು. ಸೂಪರ್‌ವೈಸರ್ ಮುಂದೆ ಹೋಗುತ್ತಿದ್ದಳು, ಊಟ ಇನ್ನೂ ಎಷ್ಟೋ ತಿಂಗಳು ನಡೆಯುತ್ತಿತ್ತು. ಜ್ಯೋತಿ ಮಗುವಿನ ಮುಖ ನೋಡಿದಳು. ಚಂದದ ಮಗು. ಆದರೆ ಬೇರೆ ಮುಖ.

"ಇದು ಇವಳ ಮಗು," ಅಂದಳು. "ನನ್ನ ಮಗು ಹುಟ್ಟಿದ ಎರಡನೇ ದಿನ ತೀರಿಕೊಳ್ತು."

ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ತೇಜಸ್ವಿನಿ ಚಾಪೆಯ ಮೇಲೆ ಕೂತು, ಕೇಳಬೇಕಾದ್ದನ್ನೆಲ್ಲ ಕೇಳತೊಡಗಿದಳು. ಅದು ಅವಳ ಕೆಲಸ. ಹೆಣ್ಣೋ ಗಂಡೋ. ಹೆರಿಗೆ ಎಲ್ಲಾಯಿತು. ದಿನ ತುಂಬಿತ್ತಾ. ಹುಟ್ಟಿದಾಗ ತೂಕ ಎಷ್ಟಿತ್ತು. ಅತ್ತಿತಾ. ಹಾಲು ಕುಡಿದಿತ್ತಾ. ಜ್ಯೋತಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಅತ್ತಿತು, ಒಂದೇ ಸಲ, ಬೆಕ್ಕಿನ ಮರಿ ತರ. ಹಾಲು ಕುಡಿಯಲಿಲ್ಲ. ತೂಕ ಎರಡೂಕಾಲು ಕೇಜಿ ಅಂತ ನರ್ಸು ಹೇಳಿದ್ದರು. ಇಷ್ಟೂ ತನಗೆ ನೆನಪಿದೆ ಅಂತ ಅವಳಿಗೇ ಗೊತ್ತಿರಲಿಲ್ಲ. ಮಗುವಿನ ಬಗ್ಗೆ ಅವಳನ್ನು ಒಂದು ಮಾತು ಕೇಳಿದ್ದು ಈ ಗುರುತಿಲ್ಲದ ಹುಡುಗಿಯೊಬ್ಬಳೇ. ಕೇಳುತ್ತಲೇ ಇರಲಿ ಅನ್ನಿಸಿತು. ಹೆಸರಿಟ್ಟಿದ್ರಾ ಅಂತ ಕೊನೆಗೆ ಕೇಳಿದಳು.

"ಇಲ್ಲ. ಇನ್ನೂ ಇಟ್ಟಿರಲಿಲ್ಲ."

ತೇಜಸ್ವಿನಿಗೆ ಇನ್ನು ಕೇಳಲು ಏನೂ ಉಳಿದಿರಲಿಲ್ಲ. ಅವಳು ಎದ್ದು ಟೀಚರನ್ನು ಬಾಗಿಲಾಚೆ ಕರೆದು ಮೆಲ್ಲಗೆ ಮಾತಾಡಿದಳು. ಒಳಗೆ ಬಂದು, ಈ ತಿಂಗಳವರೆಗೂ ಊಟ ಮಾಡಿ, ಮುಂದಿನ ತಿಂಗಳಿಂದ ಮುಂದುವರಿಸೋಕೆ ರೂಲ್ಸಲ್ಲಿ ಬರಲ್ಲ, ಕ್ಷಮಿಸಿ ಅಂದಳು. ಅನ್ನುವಾಗ ಜ್ಯೋತಿಯ ಮುಖ ನೋಡಲಿಲ್ಲ. ಜ್ಯೋತಿಗೆ ಕೋಪ ಬರಲಿಲ್ಲ. ತಟ್ಟೆಯಲ್ಲಿದ್ದುದನ್ನು ಮುಗಿಸಿ, ತೊಳೆದು, ಹೊರಗೆ ಬಂದಳು.

ಮಲ್ಕಾ ಗುಡಿಯ ತಿರುವಿನವರೆಗೂ ಹಿಂದೆಯೇ ಬಂದಳು. ತಪ್ಪಾಯ್ತು, ಏನೂ ಯೋಚನೆ ಮಾಡದೆ ಹಂಗೆ ಮಾಡಿದೆ ಅಂದಳು. ಜ್ಯೋತಿ ಅವಳ ಮಗುವಿನ ಪಾದವನ್ನು ಒಮ್ಮೆ ಹಿಡಿದು ಬಿಟ್ಟಳು. ಗ್ಯಾರೇಜಿನ ಮೇಲೆಯೇ ಒಂದು ರೂಮು ಸಿಕ್ಕಿದೆ, ಬರುವ ವಾರ ಆರ್.ಟಿ. ನಗರಕ್ಕೆ ಹೋಗುತ್ತೇವೆ ಅಂತ ಮಲ್ಕಾ ಹೇಳಿದಳು. ಒಂದೇ ಬಸ್ಸು, ಬಾ ಅಂದಳು. ಬರ್ತೀನಿ ಅಂದಳು ಜ್ಯೋತಿ. ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಮಾರಮ್ಮ ವಿಚಾರಿಸಿದರು. ಮೇಡಮ್ಮು ಬಂದಿದ್ರಂತಲ್ಲ, ಏನಂದ್ರು? ಮುಂದಿನ ತಿಂಗಳಿಂದ ಊಟ ಇಲ್ಲವಂತೆ ಅಂತ ಜ್ಯೋತಿ ಹೇಳಿದಳು. ಮಗು ವಿಷ್ಯ ಎಲ್ಲಾ ಕೇಳಿದ್ರು ಅಂತಲೂ ಅಂದಳು. ಮಾರಮ್ಮ ಹೂವು ಕಟ್ಟುತ್ತಿದ್ದರು. ಕೈ ನಿಲ್ಲಲಿಲ್ಲ.

"ನಾನೇ ಮೈ ತೊಳೆದಿದ್ದು," ಅಂದರು. "ತಲೆ ತುಂಬ ಕೂದ್ಲಿತ್ತು. ಕಾಲಿನ ಎರಡನೇ ಬೆಟ್ಟು ಉದ್ದ, ನಿಂದಿದ್ದಂಗೆ."

ಜ್ಯೋತಿ ಹತ್ತಿರ ಸರಿದು ಕೂತಳು. ಮತ್ತೆ ಅಂತ ಕೇಳಿದಳು. ಮಾರಮ್ಮ ನೆನಪಿದ್ದಷ್ಟೂ ಹೇಳಿದರು. ಬೆನ್ನ ಮೇಲೆ ನೀಲಿ ಮಚ್ಚೆ. ಮುಷ್ಟಿ ಬಿಗಿಯಾಗಿತ್ತು, ಬಿಡಿಸೋಕೇ ಆಗಲಿಲ್ಲ. ನೀನು ನೋಡಿದ್ರೆ ತಡ್ಕಳಲ್ಲ ಅಂತ ನಾವೇ ಮಣ್ಣು ಮಾಡಿ ಮುಗಿಸಿಬಿಟ್ವಿ ಅಂದರು. ತಪ್ಪು ಅಂತಲೂ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಎಲ್ಲಿ ಅಂತ ಜ್ಯೋತಿ ಕೇಳಿದಳು. ಅದು ಸುನೀಲಂಗೆ ಗೊತ್ತು, ನಾನು ಸ್ಮಶಾನದೊಳಗೆ ಹೋಗಲಿಲ್ಲ ಅಂದರು.

ಅವನು ಮನೆಗೆ ಬಂದಾಗ ಜ್ಯೋತಿ ಅದೊಂದನ್ನೇ ಕೇಳಿದಳು. ಸುನೀಲ್ ಕೈ ತೊಳೆಯುತ್ತಿದ್ದವನು ತುಂಬ ಹೊತ್ತು ತೊಳೆಯುತ್ತಲೇ ಇದ್ದ. ನಾಳೆ ಬಾ ಅಂದ.

ಮಾರನೇ ದಿನ ಬೆಳಗ್ಗೆ ಎರಡನೇ ಲೋಡು ತುಂಬಿಸಿಕೊಂಡು ಬಂದು ಮನೆಯ ಮುಂದೆ ಹಾರ್ನ್ ಮಾಡಿದ. ಅವಳು ಟ್ಯಾಂಕರ್ ಹತ್ತಿ ಅವನ ಪಕ್ಕದ ಸೀಟಿನಲ್ಲಿ ಕೂತಳು. ಮದುವೆಯಾದ ಮೇಲೆ ಅದರಲ್ಲಿ ಕೂತದ್ದು ಅದೇ ಮೊದಲು. ಊರ ಸ್ಮಶಾನದ ಗೇಟಿನ ಹತ್ತಿರ ನಿಲ್ಲಿಸಿದ. ಒಳಗೆ ಹೊಂಗೆಮರ, ಅದರಾಚೆ ಯಾವುದೋ ಲೇಔಟಿನ ಕಾಂಪೌಂಡು. ಸುನೀಲ್ ಮುಂದೆ ನಡೆದು ಗೋಡೆಯ ಬುಡದಲ್ಲಿ ನಿಂತ. ಇಲ್ಲಿ ಅಂದ. ಆಮೇಲೆ ಸುತ್ತ ನೋಡಿದ. ಮಳೆಗೆ ಹುಲ್ಲು ಬೆಳೆದಿತ್ತು, ಯಾರೋ ಜೇಸಿಬಿಯಲ್ಲಿ ಮಣ್ಣು ಎಳೆದು ಸಮ ಮಾಡಿದ್ದರು. ಅವನು ಇಟ್ಟಿದ್ದ ಕಲ್ಲು ಕಾಣಲಿಲ್ಲ. ನಾಲ್ಕು ಹೆಜ್ಜೆ ಆಚೆ ಹೋಗಿ, ಇಲ್ಲ, ಇಲ್ಲಿರಬೇಕು ಅಂದ. ಮತ್ತೆ ಮೊದಲಿನ ಜಾಗಕ್ಕೇ ಬಂದ. ಅವನ ಮುಖ ಅಳುವಂತಾಗಿತ್ತು.

"ನನಗೆ ಗೊತ್ತಾಗ್ತಿಲ್ಲ ಜ್ಯೋತಿ," ಅಂದ.

ಅವಳು ಅವನು ತೋರಿಸಿದ ಮೊದಲ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎರಡನೆಯದರಲ್ಲಿ ನಿಂತಳು. ಎರಡೂ ಕಡೆ ಚಪ್ಪಲಿ ಬಿಟ್ಟು ನಿಂತಳು. ತಂಪು ಮಣ್ಣು. ಸುನೀಲ್ ಹೊಂಗೆಮರಕ್ಕೆ ಕೈ ಕೊಟ್ಟು ತಲೆ ತಗ್ಗಿಸಿದ್ದ. ಅವನ ಭುಜ ಅಲುಗುತ್ತಿತ್ತು. ಅವಳು ಹೋಗಿ ಪಕ್ಕದಲ್ಲಿ ನಿಂತಳು. ಕೂದಲು ತುಂಬ ಇತ್ತಂತೆ ಅಂದಳು. ಅವನು ಹೂಂ ಅಂದ.

ಜೇಬಿನಲ್ಲಿ ಅವನ ಫೋನು ಬಡಿದುಕೊಂಡಿತು. ಯಾವುದೋ ಅಪಾರ್ಟ್‌ಮೆಂಟಿನವರು, ಬೆಳಗಿನಿಂದ ನೀರಿಲ್ಲ ಅಂತ. ಮನೆ ಹತ್ತಿರ ಇಳಿಸಲಾ ಅಂತ ಕೇಳಿದ. ಬೇಡ ಅಂದಳು. ಸಂಜಯನಗರದ ಆ ಅಪಾರ್ಟ್‌ಮೆಂಟಿನ ದೊಡ್ಡ ಗೇಟಿನ ಹತ್ತಿರ ಸೆಕ್ಯೂರಿಟಿಯವನು ಮೇಲೆ ನೋಡಿ ಯಾರು ಅಂತ ಕೇಳಿದ. ನಮ್ಮ ಮನೆಯವರು ಅಂತ ಸುನೀಲ್ ಹೇಳಿದ. ಇಳಿದು ಪೈಪು ಎಳೆದು ನೆಲದಡಿಯ ಸಂಪಿನೊಳಗೆ ನೀರು ಬಿಟ್ಟ. ನೀರು ಬೀಳುವ ಸದ್ದು ಕೇಳುತ್ತ, ಟ್ಯಾಂಕರ್ ಖಾಲಿಯಾಗುವವರೆಗೂ ಅವಳು ಮೇಲೆ ಸೀಟಿನಲ್ಲೇ ಕೂತಿದ್ದಳು.